ಹಂದಿಗೋಡಿನ ಕಾಯಿಲೆಯೂ ತಾಯಿಯ ಮಡಿಲೂ

ತನ್ನ ಮಗು ಇತರ ಮಕ್ಕಳಂತೆ ಓಡಿಯಾಡಲಾರದೆಂದು ತಿಳಿದಾಗ ತಾಯ್ತಂದೆಗಳ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆಯು, ಇದು ಯಾರ ತಪ್ಪಿನಿಂದಾಯಿತು ಎಂಬುದು. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಕೆಲವು ಕುಟುಂಬಗಳನ್ನು ಈ ಪ್ರಶ್ನೆಯು ತಲೆಮಾರುಗಳಿಂದ ಕಾಡಿದೆ. ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1975ರ ಸುಮಾರಿಗೆ ವೈದ್ಯರ ಗಮನಕ್ಕೆ ಬಂದು, ಆ ಊರಿನ ಹೆಸರನ್ನೇ ಹೊತ್ತ ಕಾಯಿಲೆಯೊಂದರ ಸಂಗತಿಯನ್ನು ನಮ್ಮ ಸೋದರಿಯರ ಮುಂದಿಡಲು ಇಚ್ಛಿಸುತ್ತೇವೆ. ಊರವರಿಗೆ ಆ ಹೆಸರು ಹಿತವಾಗಿರಲಾರದು. ಆದರೆ ವೈದ್ಯಗ್ರಂಥಗಳಲ್ಲಿ ಅದೇ ನಿಂತುಹೋಗಿದೆ.

ಇದು ಮೂಳೆ ಕೀಲುಗಳ ಕಾಯಿಲೆ. ಸೊಂಟದ ಕೀಲುಗಳು ಸವೆಯುತ್ತವೆ; ಕೆಲವರಲ್ಲಿ ಬೆನ್ನೆಲುಬೂ ಮೊಣಕಾಲುಗಳೂ ಕೆಡುತ್ತವೆ. ಕೆಲವರಿಗೆ ಪ್ರಾಯಕ್ಕೆ ಬಂದ ಮೇಲೆ ನೋವು ತಲೆದೋರಿದರೆ, ಮತ್ತೆ ಕೆಲವರು ಎಳವೆಯಲ್ಲಿಯೇ ಬೆಳವಣಿಗೆ ಕುಂಠಿತವಾಗಿ ಗಿಡ್ಡರಾಗಿ ಉಳಿಯುವರು. ನಡಿಗೆ ಓಲಾಡುವುದು, ಕುಕ್ಕರಗಾಲಿನಲ್ಲಿ ಕೂರಲಾಗದು, ಕಡೆಗೆ ತೆವಳಬೇಕಾಗುವುದೂ ಉಂಟು. ಬುದ್ಧಿಗೆ ಇದರಿಂದ ಕುಂದಿಲ್ಲ. ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ. ಬಹುಮಟ್ಟಿಗೆ ಇದು ಕಂಡುಬಂದಿರುವುದು ಗದ್ದೆ ತೋಟಗಳಲ್ಲಿ ಕೂಲಿಮಾಡುವ ಬಡ ದಲಿತ ಕುಟುಂಬಗಳಲ್ಲಿ. ದಿನವೆಲ್ಲ ಬಗ್ಗಿ ನಾಟಿ ಮಾಡಿಯೇ ಅನ್ನ ಕಾಣಬೇಕಾದವರಿಗೆ ಸೊಂಟವೇ ಸೋತರೆ ಏನಾದೀತೆಂಬುದನ್ನು ವಾಚಕರೇ ಊಹಿಸಬಹುದು.

ಮೊದಮೊದಲು ಸಂಶಯವು ಏಡಿಯ ಮೇಲೆ ಹೋಯಿತು. ಗದ್ದೆಗೆ ಸಿಂಪಡಿಸಿದ ಕೀಟನಾಶಕವು ನೀರಿನ ಏಡಿ ಮೀನುಗಳಲ್ಲಿ ಸೇರಿ, ಅವನ್ನು ತಿಂದವರ ಮೂಳೆಗಿಳಿಯಿತೆಂದು ಭಾವಿಸಲಾಯಿತು. ಮಳೆಗಾಲದಲ್ಲಿ ಬಡವರಿಗೆ ಕಾಸಿಲ್ಲದೆ ದೊರೆಯುವ ಪುಷ್ಟಿಯ ಆಹಾರವೆಂದರೆ ಏಡಿಯೇ ಅಲ್ಲವೇ? ಹೀಗೆ, ಮಕ್ಕಳ ಹಸಿವು ನೀಗಿಸಲು ತಾಯಿ ಒಲೆಯ ಮೇಲಿಟ್ಟ ಗಡಿಗೆಯೇ ಅಪರಾಧಿಯಾಯಿತು. ಅನಂತರ ವಂಶಾವಳಿಗಳನ್ನೂ ಕ್ಷಕಿರಣಚಿತ್ರಗಳನ್ನೂ ಕೂಲಂಕಷವಾಗಿ ಪರಿಶೀಲಿಸಿದ ವಿದ್ವಾಂಸರು, ಇದು ಆನುವಂಶಿಕವಾದುದೆಂಬ ನಿರ್ಣಯಕ್ಕೆ ಬಂದರು. ತಾಯಿ ತಂದೆಗಳಲ್ಲಿ ಒಬ್ಬರಿಗೆ ಕಾಯಿಲೆಯಿದ್ದರೂ ಅದು ಮಗುವಿಗೆ ಬರಬಹುದು. ಪ್ರತಿಯೊಂದು ಬಸಿರಿನಲ್ಲಿಯೂ ಬರುವ ಸಂಭವವು ಅರ್ಧಕ್ಕರ್ಧ. ಹಿರಿಯ ಮಗುವಿಗೆ ಬಂದುದರಿಂದ ಕಿರಿಯದು ಪಾರಾಯಿತೆಂದು ಎಣಿಸಲಾಗದು. ನಾಣ್ಯವನ್ನು ಪ್ರತಿಸಲವೂ ಹೊಸದಾಗಿಯೇ ಚಿಮ್ಮಿದಂತೆ. ತಾಯಿ ಉಂಡದ್ದು, ಗ್ರಹಣ ನೋಡಿದ್ದು, ಹಿಂದಿನ ಜನ್ಮದ್ದು, ಯಾವುದಕ್ಕೂ ಇಲ್ಲಿ ಎಡೆಯಿಲ್ಲ.

ಈ ವಿವರವು ಸಮಾಧಾನವನ್ನು ತಂದಂತೆ ಮತ್ತೊಂದು ಕಷ್ಟವನ್ನೂ ತಂದಿತು. ಇತರ ಕಾಯಿಲೆಗಳಲ್ಲಿ ಆರೋಗ್ಯವಂತಳಾದ ತಾಯಿಯು ರೋಗಿಯಾದ ಮಗುವನ್ನು ಸಾಕುವಳು. ಇಲ್ಲಿಯಾದರೋ ಎಷ್ಟೋ ವೇಳೆ ತಾಯಿಯೇ ಗೋಡೆ ಹಿಡಿದು ನಡೆಯುತ್ತ, ತನ್ನ ಮಗಳ ಹೆಜ್ಜೆಯಲ್ಲಿ ತನ್ನದೇ ಓಲಾಟವನ್ನು ಕಾಣಬೇಕು. ನಾನೇ ಕೊಟ್ಟೆನೆಂಬ ಕೊರಗು ಆಗ ಎದೆಯನ್ನು ಸುಡದಿರದು. ಆದರೆ ಕೊಡುವುದಕ್ಕೂ ಬಿಡುವುದಕ್ಕೂ ಅವಳ ಕೈಯಲ್ಲಿ ಏನಿತ್ತು? ಅದೇ ತಾಯಿಯ ಬಳಿ ಬೇರೆ ಯಾರಿಗೂ ಇಲ್ಲದ ತಿಳಿವಳಿಕೆಯೂ ಉಂಟೆಂಬುದನ್ನು ಮರೆಯಲಾಗದು. ನೋವು ಯಾವ ಹೊತ್ತಿನಲ್ಲಿ ಏರುವುದು, ಯಾವ ಮಗ್ಗುಲಲ್ಲಿ ಮಲಗಿದರೆ ನಿದ್ರೆ ಬರುವುದು, ಮಗುವಿನ ಅಳು ಹಟದ್ದೋ ನೋವಿನದೋ ಎಂಬುದನ್ನು ಅವಳಿಗೆ ವೈದ್ಯರು ಹೇಳಬೇಕಾಗಿಲ್ಲ.

ಒಪ್ಪಿಕೊಳ್ಳುವುದೆಂದರೆ ಕೈಕಟ್ಟಿ ಕೂರುವುದೆಂದು ನಾವು ತಿಳಿಯುವುದಿಲ್ಲ. ಈ ಕಾಯಿಲೆಯನ್ನು ಬುಡಸಹಿತ ಕೀಳುವ ಔಷಧವು ಇಲ್ಲ. ನೋವನ್ನು ತಗ್ಗಿಸಬಹುದು, ಹಿತಮಿತವಾದ ವ್ಯಾಯಾಮದಿಂದ ಕೀಲುಗಳನ್ನು ಆಡುವಂತೆ ಇಡಬಹುದು, ತೀರ ಸವೆದ ಸೊಂಟದ ಕೀಲಿಗೆ ಬದಲಾಗಿ ಕೃತಕ ಕೀಲನ್ನು ಕೆಲವರಿಗೆ ಜೋಡಿಸಬಹುದು. ಇಷ್ಟನ್ನು ಸ್ಪಷ್ಟವಾಗಿ ಅರಿತ ಮನೆಯಲ್ಲಿ, ಮಂತ್ರವಾದಿಗೆ ತೆರುತ್ತಿದ್ದ ಹಣವು ಮಗುವಿಗೆ ಒಂದು ಎತ್ತರದ ಮಣೆಯಾಗಬಹುದು. ಕುಕ್ಕರಿಸಲಾಗದ ಮಗುವು ಆ ಮಣೆಯ ಮೇಲೆ ಕುಳಿತು, ರಾತ್ರಿ ಅಡಿಕೆ ಸುಲಿಯುವವರ ನಡುವೆ ಗೋಟನ್ನು ಆರಿಸುತ್ತ, ಹಿರಿಯರ ಕಥೆಯಲ್ಲಿ ತಪ್ಪು ಹಿಡಿದು ಎಲ್ಲರನ್ನೂ ನಗಿಸುವುದೆಂದುಕೊಳ್ಳೋಣ. ಆ ನಗೆಯನ್ನು ಕೇಳಿದ ತಾಯಿಗೆ, ಇವಳು ಎಂದು ನಡೆದಾಳೆಂಬ ಎಣಿಕೆಯು ಒಂದು ಗಳಿಗೆಯಾದರೂ ಮರೆತುಹೋಗದೇ? ಸಂತೋಷವು ಬರುವುದು ಇಂಥ ಗಳಿಗೆಗಳಲ್ಲಿಯೇ. ಅದು ನೋವನ್ನು ಅಳಿಸುವುದೆಂದು ನಾವು ಹೇಳೆವು.

ಇನ್ನು ಶಾಲೆಯ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಚಲನಾಂಗದ ವೈಕಲ್ಯವನ್ನೂ ಕುಬ್ಜತೆಯನ್ನೂ ಗಣನೆಗೆ ತೆಗೆದುಕೊಂಡಿದೆ. ನೂರಕ್ಕೆ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವಯಸ್ಸಿನವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಹಕ್ಕುಂಟು ನಿಜ, ಆದರೆ ಜಡಿಮಳೆಯಲ್ಲಿ ಹಳ್ಳದ ಮೇಲಿನ ಅಡಿಕೆಮರದ ಸಂಕವನ್ನು ಈ ಮಗು ದಾಟುವುದೆಂತು? ದಾಟಿ ಬಂದರೂ, ಬೆಳೆದ ಹುಡುಗಿಯು ಪಾಠದಲ್ಲಿ ಹಿಂದೆ ಬೀಳದಿದ್ದಾಗ್ಯೂ, ಶಾಲೆಯ ಶೌಚಾಲಯದಲ್ಲಿ ಕುಕ್ಕರಿಸಲಾಗದೆ ದಿನವಿಡೀ ನೀರು ಕುಡಿಯದೆ ಕೂತು, ಒಂದು ದಿನ ಬರುವುದನ್ನೇ ಬಿಟ್ಟಾಳು. ತಾಯ್ತಂದೆಗಳು ಇದನ್ನು ಉಪಾಧ್ಯಾಯಿನಿಯರಿಗೆ ನಾಚದೆ ಹೇಳಲಿ. ಉಪಾಧ್ಯಾಯಿನಿಯರೂ ಹೇಳುವತನಕ ಕಾಯದೆ ತಾವೇ ವಿಚಾರಿಸಲಿ. ಮುಂದಿನ ಮಳೆಗಾಲಕ್ಕೆ ಮುನ್ನ ಸಂಕಕ್ಕೊಂದು ಹಿಡಿಗಂಬಿಯನ್ನೂ, ಶೌಚಾಲಯದಲ್ಲೊಂದು ಎತ್ತರದ ಪೀಠವನ್ನೂ ಮಾಡಿಸುವುದು ದೊಡ್ಡ ವೆಚ್ಚದ ಕೆಲಸವೇನೂ ಅಲ್ಲ.