ವಿಮಾನಯಾನದ ಉಡುಗೆ: ಔಚಿತ್ಯದ ಪ್ರಶ್ನೆ

ಕಲಬುರಗಿಗೆ 2019ರಲ್ಲಿ, ಬೀದರಿಗೆ 2020ರಲ್ಲಿ ವಿಮಾನ ಬಂದ ಮೇಲೆ ಉಮರ್ಗಾ, ನಿಲಂಗಾ, ಉದಗೀರಗಳ ಧೋತರದ ಹಿರಿಯರಿಗೂ ಒಂದು ಅಳುಕು: ಏನುಟ್ಟು ಹತ್ತಬೇಕು?

ನಾವು ಕಾವ್ಯಮೀಮಾಂಸೆಯಲ್ಲಿ ಓದುವ ಔಚಿತ್ಯ ಇಲ್ಲಿ ನೆರವಾಗುತ್ತದೆ. ಒಡ್ಯಾಣವನ್ನು ಕೊರಳಿಗೆ, ಹಾರವನ್ನು ಸೊಂಟಕ್ಕೆ ತೊಟ್ಟರೆ ನಗೆಪಾಟಲು ಎಂದ ಕ್ಷೇಮೇಂದ್ರನು ನೋಡಿದ್ದು ಸ್ಥಾನವನ್ನು, ಒಡವೆಯ ಬೆಲೆಯನ್ನಲ್ಲ. ಈ ಭೇದ ಮರೆತಾಗಲೇ 2024ರ ಜುಲೈನಲ್ಲಿ ಬೆಂಗಳೂರಿನ ಮಾಲೊಂದರಲ್ಲಿ ಪಂಚೆಯುಟ್ಟ ರೈತನನ್ನು ತಡೆದದ್ದು. ಸರ್ಕಾರ ಆ ಮಾಲನ್ನು 7 ದಿನ ಮುಚ್ಚಿಸಿತು.

ವಿಮಾನದಲ್ಲಿ ಸ್ಥಾನವೆಂದರೆ ಆಪತ್ತಿನಲ್ಲಿ ತಟ್ಟನೆ ಹೊರಬೀಳಬೇಕಾದ ಇಕ್ಕಟ್ಟು. ಆದ್ದರಿಂದಲೇ ಬರಿಗಾಲು ಸಲ್ಲದು. ಬೆಂಕಿಯ ಶಾಖಕ್ಕೆ ಕರಗಿ ಮೈಗಂಟುವ ನೈಲಾನ್ ಉಡುಪಿಗಿಂತ ಹತ್ತಿಬಟ್ಟೆ ಮೇಲು. ಹತ್ತಿಯ ಧೋತರ ಉಚಿತವೇ. ಕಚ್ಚೆ ಮಾತ್ರ ಬಿಗಿಯಾಗಿರಲಿ, ತುರ್ತುಬಾಗಿಲಿನ ಜಾರುಬಂಡಿಯಲ್ಲಿ ಇಳಿಯಬೇಕಾದೀತು!