ಮನೆಗೊಂದು ಮುದ್ರಣಯಂತ್ರ: ಕೊಳ್ಳುವುದೆಲ್ಲಿ?

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲಿಕ್ಕಿಕೊಂಡಾಗ ಬೆಂಗಳೂರಿನ ಎಷ್ಟೋ ಸಂಸಾರಗಳ ನಡುಮನೆಯೇ ಕಚೇರಿಯಾಯಿತು. ಆ ಗಂಡಾಂತರ ಕಳೆದರೂ ಮನೆಯಿಂದಲೇ ದುಡಿಯುವ ಪದ್ಧತಿ ಹಲವರಿಗೆ ಉಳಿದುಬಂದಿದೆ. ಒಪ್ಪಂದದ ಪತ್ರವೊಂದಕ್ಕೆ ಸಹಿ ಹಾಕಿ ಸಂಜೆಯೊಳಗೆ ಕಳುಹಿಸಬೇಕಾದಾಗ, ಬೀದಿಯ ಜೆರಾಕ್ಸ್ ಅಂಗಡಿ ಮುಚ್ಚಿದ್ದರೆ, ಮನೆಯೊಡೆಯನ ಪಾಡೇನು?

ಪ್ರಿಂಟರ್ ಕೊಳ್ಳಹೊರಟವರು ಮೊದಲು ವಿಚಾರಿಸುವುದು ಯಂತ್ರದ ಬೆಲೆಯನ್ನು. ವಿಚಾರಿಸಬೇಕಾದುದು ಹಾಳೆಯೊಂದಕ್ಕೆ ತಗಲುವ ವೆಚ್ಚವನ್ನು. 4,000 ರೂಪಾಯಿಯ ಯಂತ್ರಕ್ಕೆ 900 ರೂಪಾಯಿಯ ಶಾಯಿಡಬ್ಬಿ 180 ಪುಟ ಬಂದಿತೆನ್ನೋಣ. ಪುಟಕ್ಕೆ 5 ರೂಪಾಯಿ ಬಿತ್ತು. 13,000 ರೂಪಾಯಿಯ ತೊಟ್ಟಿಯ ಯಂತ್ರಕ್ಕೆ 450 ರೂಪಾಯಿಯ ಶಾಯಿ 4,500 ಪುಟ ಬಂದರೆ ಪುಟಕ್ಕೆ 10 ಪೈಸೆ ಮಾತ್ರ. ತಿಂಗಳಿಗೆ 100 ಪುಟ ಅಚ್ಚುಹಾಕುವವನು ಹೆಚ್ಚಿಗೆ ತೆತ್ತ 9,000 ರೂಪಾಯಿಯನ್ನು ಒಂದೂವರೆ ವರ್ಷದಲ್ಲಿ ಹಿಂದಕ್ಕೆ ಪಡೆದಾನು. ಹತ್ತೇ ಪುಟದವನಿಗೆ ಅದಕ್ಕೆ 15 ವರ್ಷ ಬೇಕು!

ಅಪರೂಪಕ್ಕೆ ಬಳಸುವವರ ಯಂತ್ರದಲ್ಲಿ ಶಾಯಿ ಒಣಗಿ ಸೂಕ್ಷ್ಮರಂಧ್ರಗಳು ಕಟ್ಟಿಕೊಳ್ಳುವುದುಂಟು. ಅಂಥವರಿಗೆ ಲೇಸರ್ ಯಂತ್ರ ಲೇಸು. ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಕಂಡುಹಿಡಿದ ಒಣಪುಡಿಯ ತಂತ್ರವೇ ಇದರ ಮೂಲ. ಪುಡಿಗೆ ಒಣಗುವ ಭಯವೆಲ್ಲಿಯದು?

ಇನ್ನು ಕೊಳ್ಳುವ ಜಾಗ. ಬೆಂಗಳೂರಿಗರು ಎಸ್.ಪಿ. ರಸ್ತೆಯೆಂದು ಕರೆಯುವ ಸಾದರ ಪತ್ರಪ್ಪ ರಸ್ತೆಯಲ್ಲಿ ಅಂಗಡಿಗಳು ಒತ್ತೊತ್ತಾಗಿವೆ. ನಾಲ್ಕು ಕಡೆ ಬೆಲೆ ಕೇಳಬಹುದು, ಚೌಕಾಶಿ ಮಾಡಬಹುದು, ಯಂತ್ರವನ್ನು ಓಡಿಸಿ ನೋಡಬಹುದು. ಅಂತರ್ಜಾಲದ ಅಂಗಡಿಯಲ್ಲಾದರೋ ಬೆಲೆಗಳು ಒಂದೇ ನೋಟಕ್ಕೆ ಸಿಗುತ್ತವೆ, ಸರಕು ಹೊಸ್ತಿಲಿಗೇ ಬರುತ್ತದೆ. 2020ರ ನಿಯಮಗಳಂತೆ ಅಲ್ಲಿ ಮಾರಾಟಗಾರನ ಹೆಸರು, ವಿಳಾಸ, ಸರಕನ್ನು ಹಿಂದಿರುಗಿಸುವ ಕರಾರು ತೋರಿಸಿರಬೇಕು. ಅದನ್ನು ಓದಿಯೇ ಹಣ ಕಟ್ಟಿರಿ. ಕೆಲಸವನ್ನು ಹೊತ್ತುಕೊಂಡು ಹಾಸನಕ್ಕೋ ಶಿರಸಿಗೋ ಮರಳಿರುವ ತರುಣರು ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ದುರಸ್ತಿಯವನು ನಮ್ಮೂರಿಗೆ ಬರುವನೇ? ಶಾಯಿ ನಮ್ಮ ಪೇಟೆಯಲ್ಲಿ ಸಿಗುವುದೇ? ಬಾರದಿದ್ದರೆ, ಸಿಗದಿದ್ದರೆ, ಅಗ್ಗದ ಯಂತ್ರವೇ ತುಟ್ಟಿ.

ಎಲ್ಲಿಯೇ ಕೊಳ್ಳಿರಿ, ಜಿ.ಎಸ್.ಟಿ. ಸಹಿತವಾದ ರಸೀದಿಯನ್ನು ಬಿಡಬೇಡಿರಿ. ಪೆಟ್ಟಿಗೆಯ ಮೇಲಿನ ಕ್ರಮಸಂಖ್ಯೆಯೂ ಯಂತ್ರದ ಮೇಲಿನದೂ ಒಂದೇ ಎಂಬುದನ್ನು ನೋಡಿಕೊಳ್ಳಿರಿ. ಜೊತೆಗೆ ಕೊಡುವ ಡಬ್ಬಿ ಪೂರ್ತಿ ತುಂಬಿದುದೋ, ಅರೆಬರೆಯದೋ ಎಂದು ಕೇಳಿರಿ. ವೆಚ್ಚವನ್ನು ಕಚೇರಿ ಭರಿಸುವುದಾದರೆ ರಸೀದಿ ಯಾರ ಹೆಸರಿನಲ್ಲಿರಬೇಕೆಂದು ಮುಂಚೆಯೇ ತಿಳಿದುಕೊಳ್ಳಿರಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಮನೆಗೆ ಹಸು ತರುವಾಗ ಹಿರಿಯರು ಹಾಲನ್ನಷ್ಟೇ ಅಲ್ಲ, ಮೇವಿನ ಖರ್ಚನ್ನೂ ಲೆಕ್ಕ ಹಾಕುತ್ತಿದ್ದರು. ಈ ಯಂತ್ರಕ್ಕೂ ಆ ಲೆಕ್ಕವೇ ಸರಿ.