ಕ್ಲಾಸ್ ಬ್ರೌಸರಿನ ರಚನೆ : ಒಂದು ವಿವೇಚನೆ

ಗಣಕಯಂತ್ರವು ಪಾಲಿಸಬೇಕಾದ ಆದೇಶಗಳ ಸಮೂಹಕ್ಕೆ ಪ್ರೋಗ್ರಾಮು ಎಂದು ಹೆಸರು. ಅದನ್ನು ಒಬ್ಬರು ಒಮ್ಮೆ ಬರೆಯುತ್ತಾರೆ; ಮುಂದೆ ತಿದ್ದುವವರು ಹಲವು ಸಲ ಓದಬೇಕಾಗುತ್ತದೆ. ಆದುದರಿಂದ ಓದಿಗೆ ನೆರವಾಗುವ ಸಾಧನವು ಬರೆಯುವ ಸಾಧನದಷ್ಟೇ ಮಹತ್ವದ್ದು. ಕ್ಲಾಸ್ ಬ್ರೌಸರ್ ಅಂತಹ ಒಂದು ಸಾಧನ.

ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳಲ್ಲಿ ಪ್ರೋಗ್ರಾಮನ್ನು 'ವರ್ಗ'ಗಳಾಗಿ ವಿಂಗಡಿಸಿ ಬರೆಯುತ್ತಾರೆ. ಪಾಲಬಾವಿಯ ನಮ್ಮ ರೈತರಿಗೆ ಪರಿಚಿತವಾದ ಹೊಲದ ಲೆಕ್ಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 'ಹೊಲ' ಎಂಬುದೊಂದು ವರ್ಗ. ಅದರಲ್ಲಿ 'ಒಟ್ಟು ಅಳತೆ' ಎಂಬ ವಿಧಾನವಿದೆ. ಎಕರೆಯನ್ನು 40ರಿಂದ ಗುಣಿಸಿ, ಉಳಿದ ಗುಂಟೆಗಳನ್ನು ಕೂಡಿಸಿ ಹೇಳುವುದು ಅದರ ಕಾರ್ಯ. 'ಬಾಗಾಯತ ಹೊಲ' ಇದರ ಉಪವರ್ಗ. ಹಿರಿಯರ ಆಸ್ತಿ ಮಕ್ಕಳಿಗೆ ಬರುವಂತೆ 'ಒಟ್ಟು ಅಳತೆ'ಯು ಉಪವರ್ಗಕ್ಕೂ ತಾನಾಗಿಯೇ ಬರುತ್ತದೆ. ಇದಲ್ಲದೆ 'ನೀರಿನ ಪಾಳಿ' ಎಂಬ ಸ್ವಂತ ವಿಧಾನವೂ ಅದಕ್ಕಿದೆ; ಗುಂಟೆಗೆ 2 ನಿಮಿಷದಂತೆ ನೀರು ಹಾಯಿಸುವ ಅವಧಿಯನ್ನು ಅದು ತಿಳಿಸುತ್ತದೆಂದು ಭಾವಿಸೋಣ.

ಇಂತಹ ನೂರಾರು ವರ್ಗಗಳಿರುವಲ್ಲಿ ಬೇಕಾದುದನ್ನು ಹುಡುಕುವ ಬಗೆ ಹೇಗೆ? ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಸ್ಮಾಲ್‌ಟಾಕ್ ಭಾಷೆ ಬೆಳೆಯುತ್ತಿದ್ದಾಗ, 1970ರ ದಶಕದ ಉತ್ತರಾರ್ಧದಲ್ಲಿ, ಲ್ಯಾರಿ ಟೆಸ್ಲರ್ ಇದಕ್ಕೊಂದು ಬ್ರೌಸರನ್ನು ರೂಪಿಸಿದರು. ಮುಂದೆ ಸ್ಮಾಲ್‌ಟಾಕ್-80ರಲ್ಲಿ ನೆಲೆಗೊಂಡ ರೂಪದಲ್ಲಿ ಪರದೆಯ ಮೇಲ್ಭಾಗದಲ್ಲಿ ನಾಲ್ಕು ಪಟ್ಟಿಗಳಿದ್ದವು: ವರ್ಗಗಳ ಗುಂಪು, ವರ್ಗ, ವಿಧಾನಗಳ ಗುಂಪು, ವಿಧಾನ. ಒಂದೊಂದರಲ್ಲಿ ಆಯ್ದಂತೆ ಮುಂದಿನದು ತೆರೆದುಕೊಳ್ಳುವುದು. ಕೊನೆಗೆ ಕೆಳಭಾಗದಲ್ಲಿ ಆ ಒಂದು ವಿಧಾನದ ಬರಹವು ಕಾಣುವುದು. ಅಲ್ಲಿಯೇ ಅದನ್ನು ತಿದ್ದಲೂಬಹುದು.

ಈ ವ್ಯವಸ್ಥೆ ಸುಂದರವಾದುದು. ಆದರೆ ಇದರಲ್ಲೊಂದು ಅಪಾಯವೂ ಅಡಗಿದೆ. 'ಬಾಗಾಯತ ಹೊಲ'ವನ್ನು ಆಯ್ದರೆ ಪಟ್ಟಿಯಲ್ಲಿ 'ನೀರಿನ ಪಾಳಿ' ಮಾತ್ರ ಕಾಣುತ್ತದೆ. ಆನುವಂಶಿಕವಾಗಿ ಬಂದ 'ಒಟ್ಟು ಅಳತೆ' ಕಾಣುವುದಿಲ್ಲ. 'ಹೊಲ'ವನ್ನು ಆಯ್ದರೆ ಅದನ್ನು ನೆಚ್ಚಿಕೊಂಡವರು ಯಾರೆಂಬುದು ತಿಳಿಯುವುದಿಲ್ಲ. ಹೀಗಿರಲು, ಒಬ್ಬನು ಸದುದ್ದೇಶದಿಂದಲೇ 'ಒಟ್ಟು ಅಳತೆ'ಯು ಗುಂಟೆಗೆ ಬದಲಾಗಿ ಎಕರೆಯಲ್ಲಿ ಉತ್ತರಿಸುವಂತೆ ತಿದ್ದಿದನೆನ್ನಿ. 2 ಎಕರೆ 20 ಗುಂಟೆಯ ಕಬ್ಬಿನ ಹೊಲಕ್ಕೆ 100 ಗುಂಟೆಯ ಲೆಕ್ಕದಲ್ಲಿ 200 ನಿಮಿಷ ನೀರು ಸಲ್ಲಬೇಕು. ತಿದ್ದಿದ ಮೇಲೆ ಉತ್ತರವು 2.5 ಎಂದಾಗಿ, 5 ನಿಮಿಷದ ನೀರು ಮಾತ್ರ ದೊರೆಯುತ್ತದೆ! ಯಂತ್ರವು ಯಾವ ತಪ್ಪನ್ನೂ ಸಾರುವುದಿಲ್ಲ. ಬೆಳೆ ಮಾತ್ರ ಒಣಗುತ್ತದೆ.

ಆದುದರಿಂದ ಬ್ರೌಸರನ್ನು ರೂಪಿಸುವವರು ಮೂರು ಪ್ರಶ್ನೆಗಳಿಗೆ ಉತ್ತರ ಒದಗಿಸಬೇಕು. ಈ ವಿಧಾನದಲ್ಲಿ ಏನಿದೆ? ಇದು ಎಲ್ಲಿಂದ ಬಂದಿತು? ಇದನ್ನು ಯಾರು ಕರೆಯುತ್ತಾರೆ? ಮೊದಲನೆಯದಕ್ಕೆ ನಾಲ್ಕು ಪಟ್ಟಿಗಳು ಸಾಕು. ಎರಡನೆಯದಕ್ಕೆ ಆನುವಂಶಿಕ ವಿಧಾನಗಳನ್ನೂ ತಿಳಿಬಣ್ಣದಲ್ಲಿ, ಮೂಲವರ್ಗದ ಹೆಸರಿನೊಡನೆ ತೋರಿಸುವುದು ಲೇಸು. ಮೂರನೆಯದಕ್ಕಾಗಿ, ಒಂದು ಸಂದೇಶವನ್ನು ಕಳುಹಿಸುವ ಎಲ್ಲ ವಿಧಾನಗಳ ಪಟ್ಟಿಯನ್ನು ಕೊಡುವ ಸೌಕರ್ಯವು ಸ್ಮಾಲ್‌ಟಾಕ್-80ರಲ್ಲಿಯೇ ಇತ್ತು. ಆದರೆ ಅದನ್ನು ಓದುಗನೇ ಕೇಳಿ ಪಡೆಯಬೇಕಾಗಿತ್ತು. ಕೇಳಬೇಕೆಂಬುದೇ ತೋಚದವನಿಗೆ ಅದರಿಂದ ಫಲವಿಲ್ಲ. ತಿದ್ದಲು ಹೊರಟವನ ಕಣ್ಣಿಗೆ ಆ ಪಟ್ಟಿಯು ತಾನಾಗಿಯೇ ಬೀಳುವಂತಿರಬೇಕು.

ಬಿಡಿಸಿ ತೋರಿಸುವುದು ಬ್ರೌಸರಿನ ಅರ್ಧ ಕರ್ತವ್ಯ. ಬಿಡಿಸಿದುದು ಯಾವುದರೊಡನೆ ಹೆಣೆದುಕೊಂಡಿದೆ ಎಂಬುದನ್ನು ಮರೆಮಾಡದಿರುವುದು ಉಳಿದರ್ಧ. ಗಣಕಶಾಸ್ತ್ರವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಒಂದು ಸಾಲನ್ನು ತಿದ್ದುವ ಮುನ್ನ ಅದನ್ನು ನಂಬಿದವರಾರೆಂದು ವಿಚಾರಿಸುವ ಅಭ್ಯಾಸವನ್ನು ಬೆಳೆಸಿಕೊಳ್ಳಲಿ.